ಬಲಗಡೆಯ ಪಾಳಿ

ಸೋಮವಾರದ ಮಂಗಳಾರತಿಗೆ ಹೊನ್ನಾಳಿ ತಲುಪಬೇಕಿತ್ತು. ಸಾಸ್ವೆಹಳ್ಳಿಯಲ್ಲಿ ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಅರವತ್ತಾದ ಮೇಲೆ ಓಡಿ ಬಸ್ಸು ಹಿಡಿಯುವುದುಂಟೇ? ಶಿವನನ್ನು ನೆನೆಯುತ್ತ ನಿಂತೆ. ಎಪ್ಪತ್ತು ದಾಟಿದ ಅಪರಿಚಿತ ಅಜ್ಜಿಯೊಬ್ಬರು ಸೆರಗು ಬಿಗಿದುಕೊಂಡು ಸ್ಕೂಟರ್ ತಂದು ನಿಲ್ಲಿಸಿದರು. "ಹತ್ರೀ, ನಾನೂ ಹೊನ್ನಾಳಿಗೇ ಹೊಂಟೀನಿ."

ಹಿಂದೆ ಕೂತು, ಕಣ್ಣು ಮುಚ್ಚಿ ಜಪ ಶುರುಮಾಡಿದೆ.

"ಕಣ್ಣು ಮುಚ್ಚಬ್ಯಾಡ್ರೀ! ನನ್ನ ಕುತ್ತಿಗೆ ಬಲಗಡೆ ತಿರುಗಲ್ಲ. ಆ ಕಡೆ ನೀವೇ ನೋಡ್ಬೇಕು."

"ಹಂಗಾದ್ರೆ ಗಾಡಿ ಯಾಕ್ರೀ ಓಡಿಸ್ತೀರಿ?"

"ಎಡಗಡೆ ಚೆನ್ನಾಗಿ ತಿರುಗ್ತೈತಲ್ಲ!"

ದಾರಿಯುದ್ದಕ್ಕೂ ನನ್ನ ಜಪ ಹೀಗೆ ಸಾಗಿತು: "ನಮಃ ಶಿವಾಯ, ಎಮ್ಮೆ! ನಮಃ ಶಿವಾಯ, ಟ್ರ್ಯಾಕ್ಟರ್!" ಅಜ್ಜಿ ಪ್ರತಿ ಸಲವೂ ಭಕ್ತಿಯಿಂದ ಹಾರ್ನ್ ಹೊಡೆದರು.

ಗುಡಿಯ ಮುಂದೆ ಇಳಿದಾಗ ಒಳಗೆ ಗಂಟೆ ಆಗಷ್ಟೇ ಶುರುವಾಗಿತ್ತು. ಕೇಳಿದೆ, "ನೀವು ಒಬ್ಬರೇ ಬರುವಾಗ ಬಲಗಡೆ ಯಾರು ನೋಡ್ತಾರ್ರೀ?"

"ಶಿವ ನೋಡ್ಕಂತಾನೆ. ಪಾಪ, ಇವತ್ತು ಅವನಿಗೆ ರಜ ಕೊಡಿಸಿದ್ರಿ."

ಈ ವಯಸ್ಸಿನಲ್ಲಿ ನಿನ್ನದೇನಾದರೂ ಸೇವೆ ಕೊಡಪ್ಪ ಎಂದು ದಿನಾ ಬೇಡುತ್ತಿದ್ದವಳು ನಾನೇ. ಯಾವ ಸೇವೆ ಎಂದು ಬಿಡಿಸಿ ಹೇಳಬೇಕಿತ್ತು. ಈಗ ಪ್ರತಿ ಸೋಮವಾರ ಅವನಿಗೆ ರಜ, ನನಗೆ ಪಾಳಿ.