ಕೂರಿಗೆ ಸಾಲಿನ ಗಿಟಾರು

ಯಾರ ಮನೆಯಲ್ಲಿ ಏನಿದೆ ಎಂಬುದಕ್ಕೆ ಹೇಳಿದವರ ಬಾಯೇ ಸಾಕ್ಷಿಯಾಗಿದ್ದ ಕಾಲವದು. ಫೋನು ಮುಂದೆ ಹಿಡಿದು "ಎಲ್ಲಿ, ಫೋಟೋ ತೋರಿಸು" ಎನ್ನುವವರು ಇನ್ನೂ ಹುಟ್ಟಿರಲಿಲ್ಲ. ಹೊರ್ತಿಯ ನಮ್ಮ ಸಾಲೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ, ಏಳನೇ ಇಯತ್ತೆಯ ಹುಡುಗಿಯರಾದ ನಾವು ಬುತ್ತಿ ಬಿಚ್ಚಿದರೆ ರೊಟ್ಟಿ, ಶೇಂಗಾ ಚಟ್ನಿಪುಡಿಯ ಹಿಂಡಿಯ ಜೊತೆಗೆ ಒಂದಿಷ್ಟು ಸುಳ್ಳೂ ಹೊರಬರುತ್ತಿತ್ತು. ಒಬ್ಬಳ ಸೋದರಮಾವನ ಮನೆಗೆ ಮೂರು ಅಂತಸ್ತು, ಇನ್ನೊಬ್ಬಳ ಅಣ್ಣ ವಿಮಾನ ಹತ್ತಿ ಇಳಿದವನು. ಯಾರೂ ಯಾರನ್ನೂ ಪರೀಕ್ಷಿಸುತ್ತಿರಲಿಲ್ಲ. ಹಿಂಡಿ ಹಂಚಿಕೊಂಡಷ್ಟೇ ಸಲೀಸಾಗಿ ಸುಳ್ಳನ್ನೂ ಹಂಚಿಕೊಂಡು ತಿಂದು ಕೈ ತೊಳೆಯುತ್ತಿದ್ದೆವು.

ಆ ಚಳಿಗಾಲದಲ್ಲಿ ನಾನು ಹೇಳಿದ ಸುಳ್ಳು ಮಾತ್ರ ಅರಗಲಿಲ್ಲ.

ಗೆಳತಿ ಸುವರ್ಣಾಳಿಗೆ ಅವಳಪ್ಪ ಒಂದು ಕೀಬೋರ್ಡ್ ತಂದುಕೊಟ್ಟಿದ್ದರು. ಅದರ ವರ್ಣನೆ ಮೂರು ದಿನ ನಡೆಯಿತು. ನಾಲ್ಕನೇ ದಿನ ನನಗೇ ತಿಳಿಯದಂತೆ ಬಾಯಿಂದ ಬಂದುಬಿಟ್ಟಿತು: "ನಮ್ಮ ಮನ್ಯಾಗ ಗಿಟಾರ ಐತಿ. ಕರೆಂಟಿನ ಗಿಟಾರ. ನಮ್ಮ ಮಾಮಾ ಮುಂಬೈದಿಂದ ಕಳಿಸ್ಯಾನ."

"ಯಾವ ಬಣ್ಣದ್ದು?"

"ಕೆಂಪು. ಎರಡ ಕೋಡ ಅದಾವ ಅದಕ್ಕ."

ಆ ಕೋಡುಗಳನ್ನು ನಾನು ಕದ್ದದ್ದು ಮಲ್ಲು ಕಾಕಾನ ಗೋಡೆಯಿಂದ. ಅಪ್ಪನ ತಮ್ಮನಾದ ಕಾಕಾ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದ. ಮದುವೆ ಮುಂಜಿವೆಗೆ ಸ್ಪೀಕರ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಅವನ ಗೋಡೆಗೆ ಯಾವುದೋ ಹಳೆಯ ಮಾಸಿಕದ ಹಾಳೆಯೊಂದು ಅಂಟಿಕೊಂಡಿತ್ತು. ಎಣ್ಣೆ ಹಾಕಿ ಬಾಚಿದ ಕೂದಲಿನ ಪರದೇಶದ ಹುಡುಗ, ಅವನ ಎದೆಯ ಮೇಲೆ ಕೆಂಪು ಗಿಟಾರು. ಅದಕ್ಕೆ ಎರಡು ಕೋಡು, ನಡುವೆ ಕೆನೆ ಬಣ್ಣದ ತಟ್ಟೆ, ಹಳೆಯ ರೇಡಿಯೋಗಿರುವಂಥ ದುಂಡು ಬಿರಟೆಗಳು. ನಮ್ಮಪ್ಪ ಚಡ್ಡಿ ಹಾಕುತ್ತಿದ್ದ ಕಾಲದ ಮಾದರಿ ಅದು.

ಸುವರ್ಣಾ ಅಕ್ಕೋರಿಗೆ ಹೇಳಿದಳು. ಅಕ್ಕೋರೆಂದರೆ ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಟೀಚರು. ಅವರು ಸಂತೋಷಪಟ್ಟು ಸಾಲೆಯ ವಾರ್ಷಿಕ ಹಬ್ಬವಾದ ಗ್ಯಾದರಿಂಗಿನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ಗಿಟಾರ್ ವಾದನ" ಎಂದು ಬರೆದರು. ಗ್ಯಾದರಿಂಗಿಗೆ ಐದು ವಾರವಿತ್ತು.

ಮನೆಗೆ ಬಂದವಳೇ ಕಾಕಾನ ಮುಂದೆ ಅತ್ತೆ. ಅವನು ಬೆಸುಗೆ ಹಾಕುವ ಕಡ್ಡಿಯನ್ನು ಕೆಳಗಿಟ್ಟ. ಸುಟ್ಟ ರಾಳದ ವಾಸನೆ ಕೋಣೆ ತುಂಬಿತ್ತು.

"ಎಷ್ಟ ಮಂದಿ ಮುಂದ ಹೇಳಿದಿ?"

"ಸುವರ್ಣಾ ಒಬ್ಬಾಕಿ ಮುಂದ."

"ಹಂಗಾರ ಊರಿಗೆಲ್ಲ ಗೊತ್ತಾತ ಬಿಡು." ಗೋಡೆಯ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದ. "ಸುಳ್ಳ ಹೇಳೂದು ಹಗರ ಐತಿ ಯವ್ವಾ, ಅದನ್ನ ಖರೆ ಮಾಡೂದು ತ್ರಾಸ. ಮಾಡೂಣೇನು?"

ಅವನು ಬದುಕಿನಲ್ಲಿ ಗಿಟಾರು ಮುಟ್ಟಿದವನಲ್ಲ. "ಸ್ಪೀಕರಿನ್ಯಾಗ ಲೋಹಚುಂಬಕ ಇರ್ತೈತಿ, ಅದರ ಸುತ್ತ ತಂತಿ ಇರ್ತೈತಿ. ಕರೆಂಟ ಬಂದ್ರ ಸಪ್ಪಳ ಆಗ್ತೈತಿ. ಇದು ಅದರ ಉಲ್ಟಾ, ಅಷ್ಟ" ಎಂದ. ಇಷ್ಟೇ ಅವನ ವಿದ್ಯೆ. ಅಷ್ಟೇ ವಿದ್ಯೆಯ ಮೇಲೆ ಅವನು ಎಷ್ಟು ಧೈರ್ಯವಾಗಿ ನಿಂತಿದ್ದ ಎಂದು ಈಗ ನೆನೆದರೆ ಬೆರಗಾಗುತ್ತದೆ.

ಕಟ್ಟಿಗೆಯ ಕೆಲಸಕ್ಕೆ ಈರಪ್ಪಜ್ಜನಿದ್ದ. ನಮ್ಮೂರ ಬಡಿಗ. ಸುತ್ತಲಿನ ಹೊಲಗಳಲ್ಲಿ ಬಿತ್ತುತ್ತಿದ್ದ ಕೂರಿಗೆಗಳು ಹೆಚ್ಚಾಗಿ ಅವನ ಕೈಯವು. ಆಗ ಹಿಂಗಾರಿ ಬಿತ್ತನೆ ಮುಗಿದು ಅಜ್ಜನ ಕೈ ಖಾಲಿಯಿತ್ತು. ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದೇನಲೇ ಮಲ್ಲ್ಯಾ, ಎತ್ತೋ, ವಾದ್ಯೋ?" ಎಂದ.

"ಕರೆಂಟ ತಿನ್ನೂ ಎತ್ತ ಐತ್ರಿ ಅಜ್ಜಾರ."

"ಹಂಗಾರ ಹಗ್ಗ ಬಿಗಿ ಕಟ್ಟು" ಎಂದು ಅಜ್ಜ ಬೇವಿನ ಹಲಗೆ ಹುಡುಕಲು ಎದ್ದ.

ಮುಂದಿನ ಮೂರು ವಾರ ಸಾಲೆ ಬಿಟ್ಟ ಕೂಡಲೇ ನಾನು ಅಜ್ಜನ ಕಟ್ಟೆಗೆ ಓಡುತ್ತಿದ್ದೆ. ಬೇವಿನ ಹೊಟ್ಟಿನ ಕಹಿ ಗಾಳಿ, ಪಕ್ಕದ ಹೊಲದಿಂದ ಸೀತನಿ ಸುಡುವ ಹೊಗೆ. ಹಸಿ ಜೋಳದ ತೆನೆ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಬಿಸಿ ಕಾಳನ್ನು ಹಿಂಡಿಯ ಜೊತೆ ಬಾಯಿಗೆ ಹಾಕಿಕೊಳ್ಳುವ ಆ ರುಚಿ ನಿಮಗೆ ಹೇಳಬೇಕಾಗಿಲ್ಲ. ತಿನ್ನುತ್ತ ತಿನ್ನುತ್ತ ನಾನು ಹಲಗೆಗೆ ಮರಳು ಕಾಗದ ತಿಕ್ಕುತ್ತಿದ್ದೆ. ಮೈ ಬೇವಿನದಾಯಿತು. ಕುತ್ತಿಗೆ ಒಂದು ಹಳೆಯ ಕಿಟಕಿಯ ಸಾಗವಾನಿ ಚೌಕಟ್ಟಿನಿಂದ ಬಂತು. ತಂತಿ ಬಿಗಿಯುವ ಕಿವಿಗಳನ್ನು ಅಜ್ಜ ತಂಬೂರಿಗೆ ಮಾಡುವಂತೆ ಜಾಲಿ ಕಟ್ಟಿಗೆಯಲ್ಲಿ ಕಡೆದ. ಬಣ್ಣಕ್ಕೆ ಪೇಟೆಗೆ ಹೋಗಲಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಕೆಂಪು ಪೇಂಟು ಡಬ್ಬಿಯ ತಳದಲ್ಲಿತ್ತು. ಕೋಡಿನ ಬಣ್ಣ ಕೋಡಿಗೇ ಹೋಯಿತು. ಕೆನೆ ಬಣ್ಣದ ತಟ್ಟೆಯನ್ನು ಮುರಿದ ಮೈಕಾ ಹಾಳೆಯಲ್ಲಿ ಕತ್ತರಿಸಿದರು. ಬಿರಟೆಗಳನ್ನು ಕಾಕಾ ಸತ್ತ ರೇಡಿಯೋದಿಂದ ಕಿತ್ತ.

ಲೋಹಚುಂಬಕ ಕೊಟ್ಟವಳು ನಾನು. ಚುಂಬಕ ಕಳೆದುಕೊಂಡ ನನ್ನ ಮತ್ತು ಮೂವರು ಗೆಳತಿಯರ ಕಂಪಾಸ್ ಡಬ್ಬಿಗಳ ಮುಚ್ಚಳ ಅಂದಿನಿಂದ ಸರಿಯಾಗಿ ಮುಚ್ಚಿಲ್ಲ.

ಅದರ ಸುತ್ತ ಕೂದಲಿಗಿಂತ ಸಣ್ಣ ತಂತಿಯನ್ನು ಸಾವಿರಾರು ಸಲ ಸುತ್ತಬೇಕಿತ್ತು. ಕಾಕಾ ಆಯಿಯ ಕೈ ಹೊಲಿಗೆ ಯಂತ್ರ ತಂದು, ದಾರದ ಉಂಡೆ ಸುತ್ತುವ ಜಾಗಕ್ಕೆ ಲೋಹಚುಂಬಕವನ್ನು ಸಿಕ್ಕಿಸಿದ. ಆಯಿ ಅಂದರೆ ನಮ್ಮಜ್ಜಿ. ನಾನು ಹಿಡಿಕೆ ತಿರುಗಿಸುವವಳು, ಕಾಕಾ ಎರಡು ಬೆರಳ ನಡುವೆ ತಂತಿ ಹಿಡಿಯುವವನು. ಚಕ್ರ ನೂರು ಸುತ್ತಿದರೆ ಒಂದು ಜೋಳದ ಕಾಳು ಬಟ್ಟಲಿಗೆ. ನಡುವೆ ಒಂದು ಗುಬ್ಬಿ ಬಂದು ಬಟ್ಟಲಿಗೆ ಬಾಯಿ ಹಾಕಿ ಹಾರಿತು. ಹೀಗಾಗಿ ಆ ಸುರುಳಿಗೆ ಎಷ್ಟು ಸುತ್ತು ಬಿದ್ದಿವೆಯೆಂದು ಇಂದಿಗೂ ಯಾರಿಗೂ ತಿಳಿಯದು.

ಕುತ್ತಿಗೆಯ ಮೇಲೆ ಅಡ್ಡ ಕೂರಿಸುವ ಪಟ್ಟಿಗಳಿಗೆ ಸೈಕಲ್ಲಿನ ಕಡ್ಡಿ ಕತ್ತರಿಸಿ, ನಿಂಬೆಹಣ್ಣು ಬೂದಿ ಹಾಕಿ ತುಕ್ಕು ತಿಕ್ಕಿ ತೆಗೆದೆ. ಒಂದೊಂದು ಪಟ್ಟಿಯ ಹಿಂದೆ ಬೆರಳಿಟ್ಟರೆ ಒಂದೊಂದು ಸ್ವರ. ಯಾವ ಪಟ್ಟಿ ಎಲ್ಲಿ ಎಂದು ಚಿತ್ರ ನೋಡೋಣವೆಂದರೆ ಆ ಹುಡುಗನ ಕೈ ಕುತ್ತಿಗೆಯನ್ನೇ ಮುಚ್ಚಿತ್ತು. "ಅದನ್ನೇನ ನೋಡ್ತೀರಿ, ಬಿಡ್ರಿ" ಎಂದು ಈರಪ್ಪಜ್ಜ ಬೆರಳಿನಿಂದ ಅಳೆದು, ಗರಗಸದಿಂದ ಹನ್ನೆರಡು ಗೆರೆ ಕೊರೆದ. ಒಂದರಿಂದ ಒಂದಕ್ಕೆ ಕೂದಲೆಳೆಯಷ್ಟೂ ಅಂತರ ಹೆಚ್ಚು ಕಡಿಮೆ ಇಲ್ಲ. ನೋಡಲು ಬಿತ್ತಿದ ಹೊಲದಂತಿತ್ತು.

ಝಳಕಿಯ ಹೆದ್ದಾರಿಯಲ್ಲಿ ಕಾಕಾನ ಪರಿಚಯದ ಲಾರಿ ಡ್ರೈವರ್ ಸೊಲ್ಲಾಪುರದಿಂದ ತಂತಿ ತಂದುಕೊಟ್ಟ ದಿನ ಗಿಟಾರಿಗೆ ಜೀವ ಬಂತು. ಕಾಕಾ ವಾಯರ್ ಚುಚ್ಚಿದ. ಭೋಂಗಾ ಎನ್ನುವ ಅವನ ದೊಡ್ಡ ಸ್ಪೀಕರಿನಿಂದ "ಟಂಯ್" ಎಂದು ಸದ್ದು ಹೊರಟಾಗ ನಾವು ಮೂವರೂ ಕುಣಿಯುವುದೊಂದು ಬಾಕಿ. ಆಮೇಲೆ ನಾನು ಬೆರಳಿಟ್ಟು ಸ್ವರ ಹಿಡಿಯಲು ನೋಡಿದೆ. ಒಂದು ಸ್ವರವೂ ತನ್ನ ಜಾಗದಲ್ಲಿರಲಿಲ್ಲ. ಎಲ್ಲಿ ಒತ್ತಿದರೂ ಅಪಸ್ವರ.

ಆಯಿ ಅಡುಗೆಮನೆಯಿಂದ ಕೂಗಿದಳು: "ಯಾರಿಗಿ ಹೊಟ್ಟಿ ನೋಯಾಕತ್ತೈತಿ?"

ಕಾಕಾ ಮೆಲ್ಲಗೆ, "ಅಜ್ಜಾರ, ಗೆರಿ ತಪ್ಪ್ಯಾವಂತ ಕಾಣತೈತ್ರಿ" ಎಂದ.

ಅಜ್ಜನ ಮುಖ ಕೆಂಪಾಯಿತು. "ನಲವತ್ತ ವರ್ಷ ಆತು ಬಾಚಿ ಹಿಡದು. ನನ್ನ ಕೂರಿಗಿ ಸಾಲ ಡೊಂಕ ಆಗೈತಂತ ಒಬ್ಬ ಮಗ ಅಂದಿಲ್ಲ. ಬೇಕಾರ ಅಳದ ನೋಡು!" ಎಂದು ಧೋತರ ಜಾಡಿಸಿ ಎದ್ದು ಹೋದ.

ಗ್ಯಾದರಿಂಗಿಗೆ ಒಂಬತ್ತು ದಿನ ಉಳಿದಿತ್ತು. ನಾನು ಜ್ವರ ಬಂದವಳಂತೆ ಮಲಗಿದೆ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಅಜ್ಜ ನಿಂತಿದ್ದ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು. "ಅಳತಿ ಖರೆ ಐತಿ, ಸಪ್ಪಳ ಸುಳ್ಳ ಹೇಳಾಕತ್ತೈತಿ. ಯಾಕಂತ ನನಗ ನಿದ್ದಿ ಹತ್ತಲಿಲ್ಲ. ತೋರಿಸ್ರಿ" ಎಂದ.

ದಾರಿ ತೋರಿಸಿದವಳು ಆಯಿ. ಆಯಿಯ ಗಂಡ, ನಮ್ಮ ಮುತ್ಯಾನ ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ, ದೇವರ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಆಯಿ ಏಕಾದಶಿಗೊಮ್ಮೆ ಅದನ್ನು ನುಡಿಸಿ ಭಜನೆ ಹಾಡುತ್ತಿದ್ದಳು. ಮನೆಯಲ್ಲೊಂದು ಪದ್ಧತಿಯಿತ್ತು: ಪೇಟಿ ತೆರೆದರೆ ಒಂದು ಪದ ಹಾಡದೆ ಮುಚ್ಚುವಂತಿಲ್ಲ. ಆಯಿ ಪೇಟಿಯ ಒಂದು ಸ್ವರದ ಮನೆ ಒತ್ತಿ ಹಿಡಿದಳು. ಕಾಕಾ ಕೂರಿಸಿದ್ದ ಪಟ್ಟಿಗಳನ್ನೆಲ್ಲ ಕಿತ್ತು, ಒಂದು ಸೈಕಲ್ ಕಡ್ಡಿಯ ತುಂಡನ್ನು ತಂತಿಯ ಕೆಳಗೆ ಇರುವೆಯ ಹಾಗೆ ಸರಿಸುತ್ತ ಹೋದ. ನಾನು ಮೀಟುತ್ತಿದ್ದೆ. ತಂತಿಯ ಸದ್ದೂ ಪೇಟಿಯ ಸದ್ದೂ ಒಂದಾದ ಗಳಿಗೆಯಲ್ಲಿ ಆಯಿ "ಹಾಂ!" ಎನ್ನುತ್ತಿದ್ದಳು. ಆ "ಹಾಂ" ಬಿದ್ದಲ್ಲಿ ಅಜ್ಜನ ಪೆನ್ಸಿಲ್ ಗೆರೆ ಬೀಳುತ್ತಿತ್ತು.

ಆರನೆಯ ಗೆರೆಗೆ ಅಜ್ಜ ಕೈ ನಿಲ್ಲಿಸಿದ. ಗುರುತುಗಳನ್ನು ಬೆರಳಿನಿಂದ ಸವರಿದ. "ಮೊದಲ ಅಗಲ, ಹೋಗ್ತಾ ಹೋಗ್ತಾ ಸಣ್ಣ... ಎಮ್ಮಿ ಕೋಡಿನ ಮ್ಯಾಲಿನ ಉಂಗುರದ ಗೆರಿ ಇದ್ದಂಗ ಐತಿ ನೋಡು ಮಲ್ಲ್ಯಾ! ಇದರ ಹೊಲಾನ ಬ್ಯಾರೆ." ಆ ಮುದುಕನ ಕಣ್ಣಿನಲ್ಲಿ ಆಗ ಕಂಡ ಬೆಳಕನ್ನು ನಾನು ಆಮೇಲೆ ದೊಡ್ಡ ದೊಡ್ಡ ಕಲಿತವರಲ್ಲೂ ಹುಡುಕಿದ್ದೇನೆ. ಹನ್ನೆರಡೂ ಮುಗಿದ ಮೇಲೆ ಆಯಿ ಪದ್ಧತಿಯಂತೆ ಒಂದು ಪದ ಹಾಡಿದಳು. ಅಜ್ಜ ಗರಗಸದ ಮರದ ಹಿಡಿಕೆಯ ಮೇಲೆ ತಾಳ ಹಾಕಿದ.

ತಪ್ಪಿದ ಗೆರೆಗಳಿಗೆ ಬೇವಿನ ಚಕ್ಕೆ ತುಂಬಿ ಹೆರೆದ. "ಹೊಸ ಕುತಿಗಿ ಮಾಡ್ಲೇನು ಮಲ್ಲ್ಯಾ?" ಎಂದು ಕಾಕಾನನ್ನು ಕೇಳಿ, ತಾನೇ "ಬ್ಯಾಡ, ಇರಲಿ. ತಪ್ಪೂ ಗೊತ್ತಿರಬೇಕು" ಎಂದ.

ಉಳಿದ ದಿನಗಳಲ್ಲಿ ನನಗೆ ಕಲಿಯಲು ಸಾಧ್ಯವಾದದ್ದು ಒಂದೇ ತಂತಿಯಲ್ಲಿ ಒಂದೇ ಪದ. ಆಯಿ ಹಾಡಿದ ಅದೇ ಭಜನೆ.

ಗ್ಯಾದರಿಂಗಿನ ಸಂಜೆ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಆಯಿ, ಪಕ್ಕದಲ್ಲಿ ಹೊಸ ರುಮಾಲು ಸುತ್ತಿದ ಈರಪ್ಪಜ್ಜ. ಕಾಕಾ ವಾಯರ್ ಚುಚ್ಚಿದ ಕೂಡಲೇ ಭೋಂಗಾದಿಂದ "ಗುಂಯ್" ಎಂಬ ಮೊರೆತ. ಮಂದಿ ನಕ್ಕರು. ಕಾಕಾ ಗಡಬಡಿಸಲಿಲ್ಲ. ಗಿಟಾರಿನಿಂದ ಒಂದು ತಾಮ್ರದ ತಂತಿ ಎಳೆದು, ಹಂದರದ ಪಕ್ಕ ನೆಟ್ಟ ಕಬ್ಬಿಣದ ಸಲಾಕೆಗೆ ಸುತ್ತಿ, ಅಕ್ಕೋರ ಮುಂದಿದ್ದ ತಂಬಿಗೆ ಎತ್ತಿ ಸಲಾಕೆಯ ಬುಡಕ್ಕೆ ನೀರು ಸುರಿದ. ಕರೆಂಟಿಗೆ ನೆಲ ಸಿಕ್ಕಿ ಮೊರೆತ ನಿಂತಿತು.

"ಇದು ಮುಂಬೈಯಿಂದ ಬಂದ ಗಿಟಾರು!" ಎಂದು ಅಕ್ಕೋರು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಕಣ್ಣು ಅಜ್ಜನ ಮೇಲೆ ಬಿತ್ತು. ಅವನೂ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದ. ಯಾವುದೋ ಮುಂಬೈಯ ಗಿಟಾರಿಗೆ ತಟ್ಟುವ ಹಾಗೆ, ಪಾಪ, ನನ್ನ ಮಾನ ಉಳಿಸಲು. ನಾನು ಮೈಕಿನ ಬಳಿ ಹೋದೆ.

"ಮುಂಬೈದ್ದಲ್ರಿ ಅಕ್ಕೋರ. ನಾ ಸುಳ್ಳ ಹೇಳಿದ್ನಿರಿ. ಇದನ್ನ ಈರಪ್ಪಜ್ಜ ಮಾಡ್ಯಾನ್ರಿ, ನಮ್ಮ ಕಾಕಾ ಮಾಡ್ಯಾನ್ರಿ. ನಮ್ಮ ಆಯಿ ಸುರ ಕೂರಿಸ್ಯಾಳ್ರಿ."

ನಾನು ಬೇರೆ ಗತಿಯಿಲ್ಲದೆ ಮೀಟತೊಡಗಿದೆ. ಹಾಡಿನ ಎರಡನೆಯ ಸಾಲಿಗೆ ಹಿಂದಿನಿಂದ ಹೆಂಗಸರ ದನಿ ಸೇರಿತು. ಪದ ಅವರಿಗೆಲ್ಲ ಬಾಯಿಪಾಠ. ಮುಗಿಯುವ ಹೊತ್ತಿಗೆ ಇಡೀ ಅಂಗಳ ಹಾಡುತ್ತಿತ್ತು. ನನ್ನ ಅರ್ಧ ತಪ್ಪುಗಳು ಆ ದನಿಯೊಳಗೆ ಮುಚ್ಚಿಹೋದವು. ಸುವರ್ಣಾ ಓಡಿ ಬಂದು ಗಿಟಾರಿನ ಕೋಡು ಮುಟ್ಟಿ, "ನನಗೂ ಒಂದ ಮಾಡಸಿ ಕೊಡಲೇ" ಎಂದಳು.

ಕೆಳಗಿಳಿದಾಗ ಅಜ್ಜ ನನ್ನ ತಲೆಯ ಮೇಲೆ ಕೈಯಿಟ್ಟ. ಒರಟು ಅಂಗೈ, ಬೇವಿನ ವಾಸನೆ. "ಎಲ್ಲಾ ಚೊಲೋ ಹೇಳಿದಿ. ಖರೆ, ಮೊದಲಿಗಿ ನಾ ಗೆರಿ ತಪ್ಪಿ ಕೊರದಿದ್ನಲಾ, ಅದನ್ನೂ ಹೇಳಬೇಕಿತ್ತು."

ಆ ಗಿಟಾರು ಈಗ ನನ್ನ ಬಳಿಯಿದೆ. ಅಜ್ಜ ಹೋದ, ಆಯಿ ಹೋದಳು. ಕಾಕಾನ ಕೋಣೆಯಲ್ಲಿ ಈಗ ಮೊಬೈಲಿನ ಗಾಜು ಬದಲಿಸುತ್ತಾರೆ. ಒಳಗೇನಾಗಿದೆಯೆಂದು ತೆರೆದು ನೋಡುವವರಿಲ್ಲ. ಕಾಕಾನಿಗೆ ಕಿವಿ ಮಂದವಾಗಿದೆ. ಹೋದಾಗಲೆಲ್ಲ ಗಿಟಾರನ್ನು ಅವನ ತೊಡೆಯ ಮೇಲಿಟ್ಟು ಮೀಟಿದರೆ ಮೈಕಾ ತಟ್ಟೆಗೆ ಅಂಗೈ ಒತ್ತಿ ಅದರ ನಡುಕ ಕೇಳುತ್ತಾನೆ. ಹೊಲಗಳಲ್ಲಿ ಟ್ರ್ಯಾಕ್ಟರಿನ ಕೂರಿಗೆ ಬಿತ್ತುತ್ತದೆ, ಸಾಲುಗಳು ನೆಟ್ಟಗೇ ಇರುತ್ತವೆ.

ಮಗಳಿಗೆ ಅಂಗಡಿಯಿಂದ ಒಂದು ಗಿಟಾರು ತಂದಿದ್ದೇವೆ. ಅವಳಿಗೆ ಬೇಕಾದದ್ದೂ ಹಳೆಯ ಕಾಲದ ಮಾದರಿಯೇ: ಕೆಂಪು, ಎರಡು ಕೋಡು, ಕೆನೆ ಬಣ್ಣದ ತಟ್ಟೆ. ಸ್ವರಗಳು ತಮ್ಮ ತಮ್ಮ ಜಾಗದಲ್ಲೇ ಇವೆ. ಯಾರೂ "ಹಾಂ" ಎನ್ನಬೇಕಾಗಿ ಬಂದಿಲ್ಲ. ಮೊನ್ನೆ ಅವಳು ನನ್ನ ಗಿಟಾರಿನ ಕುತ್ತಿಗೆ ಸವರಿ, "ಅವ್ವಾ, ಈ ಬಿಳಿ ಗೆರಿ ಯಾಕದಾವ?" ಎಂದು ಕೇಳಿದಳು. ಸಾಗವಾನಿಯ ಕಂದು ಮೈಯಲ್ಲಿ ಹನ್ನೆರಡು ಬೇವಿನ ಗೆರೆಗಳು, ಒಂದರಿಂದ ಒಂದಕ್ಕೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ.

"ಹೇಳ್ತೇನಿ, ಕೂಡು" ಎಂದೆ. ಅಜ್ಜ ಹೇಳಬೇಕಿತ್ತು ಎಂದಿದ್ದನ್ನು ಅವತ್ತು ಹೇಳಿದೆ. ಆಮೇಲೆ ಇಬ್ಬರೂ ಒಂದು ಪದ ಹಾಡಿ, ಗಿಟಾರಿಗೆ ಬಟ್ಟೆ ಹೊದಿಸಿದೆವು.