ಗೇಟಿನ ಮೇಲೆ ಹಾದ ಪೈಪು

ನನ್ನ ಮನೆಗೆ ಗೇಟಿಲ್ಲದೆ ಮೂವತ್ತೆಂಟು ದಿನ ಆಗಿತ್ತು. ಆ ಜಾಗದಲ್ಲಿ ಒಂದು ಹಳೆಯ ಟಾರ್ಪಾಲು ಕಟ್ಟಿದ್ದೆವು. ಮೊಹಲ್ಲಾದ ನಾಯಿಗಳೆಲ್ಲ ಅದರಡಿ ನುಸುಳಿ ಬಂದು ನಮ್ಮ ಅಂಗಳ ನೋಡಿಕೊಂಡು ಹೋಗುತ್ತಿದ್ದವು. ಗೇಟಿನ ಎರಡೂ ಕದಗಳು ಎದುರು ಮನೆಯ ಕಂಬರಲಿ ಉಸ್ತಾರ ದ್ರಾಕ್ಷಿ ಚಪ್ಪರದ ಕೆಳಗೆ ತುಕ್ಕು ಹಿಡಿದು ಮಲಗಿದ್ದವು. ಮಗಳು ಬಾರ್ನೋಳ ಮದುವೆಗೆ ಉಳಿದಿದ್ದು ಒಂಬತ್ತೇ ದಿನ.

ಗೇಟು ಇಲ್ಲದ ಮನೆಯಲ್ಲಿ ಮದುವೆ ಹೇಗೆ ಮಾಡುವುದು? ನಮ್ಮಲ್ಲಿ ಮದುಮಗ ಬಂದಾಗ ಹೆಣ್ಣಿನ ಕಡೆಯವರು ಗೇಟು ಹಿಡಿದು ನಿಲ್ಲಬೇಕು, ಉಡುಗೊರೆ ಕೈಗೆ ಬಿದ್ದ ಮೇಲೆಯೇ ಒಳಗೆ ಬಿಡಬೇಕು. ಟಾರ್ಪಾಲು ಹಿಡಿದು ನಿಲ್ಲಬೇಕೇನು ಎಂದು ನನ್ನ ಹೆಂಡತಿ ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ಬೀಗರ ಊರಿನವರ ಬಾಯಿ ದೊಡ್ಡದು. ಗೇಟು ಮಾರಿ ಮದುವೆ ಮಾಡಿದರು ಎಂದು ನನ್ನ ಮಗಳನ್ನು ಜನ್ಮವಿಡೀ ಆಡಿಕೊಳ್ಳುತ್ತಾರೆ ಎಂಬ ಭಯ ನನಗೂ ಇತ್ತು.

ಕಂಬರಲಿ ಉಸ್ತಾ ಸಾಮಾನ್ಯ ಮೇಸ್ತ್ರಿಯಲ್ಲ. ಮೂವತ್ತೈದು ವರ್ಷ ಮನೆಮನೆಗೆ ಗ್ಯಾಸ್ ಪೈಪು ಹಾಕಿದವರು. ಗೋಡೆ ಹಿಡಿದು ಬರುವ ಹಳದಿ ಪೈಪು ಗೇಟಿನ ಹತ್ತಿರ ಬಂದ ಕೂಡಲೇ ಮೇಲೆದ್ದು, ಹುಲ್ಲಿನ ಲಾರಿ ನುಗ್ಗುವಷ್ಟು ಎತ್ತರದಲ್ಲಿ ದಾಟಿ, ಆಚೆ ಮತ್ತೆ ಮೊಣಕಾಲೆತ್ತರಕ್ಕೆ ಇಳಿಯುತ್ತದಲ್ಲ, ನಮ್ಮ ಬೀದಿಯ ಆ ಕಮಾನುಗಳೆಲ್ಲ ಅವರ ಕೈಯವೇ. ಒಂದು ಬೆಸುಗೆಯೂ ಸೋರಿದ್ದಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ, ಮುಚ್ಚಿದ ಹತ್ತಿ ಕಾರ್ಖಾನೆಯಿಂದ ಒಂದು ಹಳೆಯ ಕಂಪ್ರೆಸರ್ ತಂದರು. ಹಸುವನ್ನು ಹೊರಗೆ ಕಟ್ಟಿ ಕೊಟ್ಟಿಗೆಯನ್ನು ಕಾರ್ಖಾನೆ ಮಾಡಿದರು. ಗಾಳಿಯ ಜೋರಿನಿಂದ ಮರಳು ಊದಿ ಕಬ್ಬಿಣದ ತುಕ್ಕು ಕಿತ್ತು, ಬಣ್ಣ ಹೊಡೆದು ಕೊಡುವ ಕೆಲಸ. ಮೊದಲ ಗಿರಾಕಿ ನಾನು, ನನ್ನ ಹಣೆಬರಹ.

ಕಂಪ್ರೆಸರಿನ ಗದ್ದಲ ತಾಳಲಾರೆ ಎಂದು ಅವರ ಹೆಂಡತಿ ಸೋಲಿಹಾ ಅದನ್ನು ಬೀದಿ ಬದಿಯ ಮೂಲೆಗೆ ತಳ್ಳಿಸಿದ್ದಳು. ಕೊಟ್ಟಿಗೆಯಿರುವುದು ಅವರ ಗೇಟಿನ ಆಚೆ ಬದಿಯಲ್ಲಿ. ಉಸ್ತಾ ಎರಡರ ನಡುವೆ ಗಾಳಿಯ ಪೈಪು ಎಳೆದರು. ಹೇಗೆ ಎಳೆದರು ಎನ್ನುತ್ತೀರಿ? ಕೈಗೆ ಬೇರೆ ದಾರಿ ಗೊತ್ತಿದ್ದರೆ ತಾನೇ. ಗೋಡೆಗುಂಟ ಬಂತು, ಗೇಟಿನ ಮೇಲೆ ಹಾಯ್ದಿತು, ಆಚೆ ಮೊಣಕಾಲೆತ್ತರಕ್ಕೆ ಇಳಿದು ನೆಟ್ಟಗೆ ಕೊಟ್ಟಿಗೆಗೆ ಹೋಯಿತು. ಹಳದಿ ಬಣ್ಣವನ್ನೂ ಹೊಡೆದರು. ಸೋಪಿನ ನೊರೆ ಹಚ್ಚಿ ಪ್ರತಿ ಬೆಸುಗೆಯನ್ನೂ ನೋಡಿದರು. ಒಂದು ಗುಳ್ಳೆ ಏಳಲಿಲ್ಲ.

ಮೊದಲ ದಿನ ನನ್ನ ಗೇಟಿನ ಮೇಲೆ ಮರಳು ಬಿದ್ದದ್ದು ಒಂದು ಪಿಯಾಲೆ ಚಹಾ ಆರುವಷ್ಟು ಹೊತ್ತು. ಆಮೇಲೆ ಮರಳು ಊದುವ ಕೊಳವೆಯ ಮೂತಿ ಕೆಮ್ಮಿತು, ಒದ್ದೆ ಮರಳಿನ ಉಂಡೆ ಉಗುಳಿತು, ಕಟ್ಟಿಕೊಂಡಿತು. ಬಿಚ್ಚಿ ತೊಳೆದು ಹಾಕಿದರೆ ಮತ್ತೆ ಅದೇ. ಉಸ್ತಾ ಮರಳು ಹಸಿ ಎಂದರು. ನಮ್ಮ ಮದುವೆಯ ಪಲಾವಿಗೆಂದು ತಿಕ್ಕಿಟ್ಟ ದೊಡ್ಡ ಕಡಾಯಿ ಒಯ್ದು ಅದರಲ್ಲಿ ಮರಳು ಹುರಿದರು. ಮತ್ತೆ ಕಟ್ಟಿಕೊಂಡಿತು. ಮೂತಿ ಸರಿಯಿಲ್ಲ ಎಂದರು, ಹೊಸ ಮೂತಿ ಬಂತು. ಗಾಳಿಯಲ್ಲೇ ನೀರಿದೆ ಎಂದು ಕೊನೆಗೆ ಒಪ್ಪಿ, ನೀರು ಹಿಡಿಯುವ ಬಟ್ಟಲನ್ನು ತಂದು ಕಂಪ್ರೆಸರಿನ ಬಾಯಿಗೇ ಕೂರಿಸಿದರು. ಅಲ್ಲಿ ಗಾಳಿ ಕುದಿಯುವಷ್ಟು ಬಿಸಿ; ನೀರು ಆವಿಯಾಗಿ ಬಟ್ಟಲನ್ನು ದಾಟಿ ಹೋಗುತ್ತದೆ. ಇಡೀ ದಿನಕ್ಕೆ ಬಟ್ಟಲಿನಲ್ಲಿ ಸಿಕ್ಕಿದ್ದು ಒಂದು ಚಮಚ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮರಳಿನದು ತಪ್ಪು, ಮೂತಿಯದು ತಪ್ಪು, ಪೈಪಿನದು ಮಾತ್ರ ತಪ್ಪಿಲ್ಲ.

ನಾನು ಕಾಲುವೆಯ ಮಿರಾಬ್. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂದು ಹಂಚುವ ನೀರಗಂಟಿ. ಓದಿದ್ದು ಕಡಿಮೆ, ಆದರೆ ನೀರು ಎಲ್ಲಿ ಕೂರುತ್ತದೆ ಎಂಬುದು ನನಗೆ ಗೊತ್ತು. ಒಂದು ದಿನ ಬೆಳಿಗ್ಗೆ ಅವರ ಪೈಪನ್ನು ಸನಿಕೆಯ ಹಿಡಿಯಿಂದ ತಟ್ಟುತ್ತ ನಡೆದೆ. ಗೇಟಿನ ಮೇಲೆ ಏರುವಲ್ಲಿ ಟಣ್ ಎಂದಿತು. ಆಚೆ ಇಳಿದ ತಿರುವಿನಲ್ಲಿ ದಪ್ ಎಂದಿತು. ಉಸ್ತಾ, ನೀರು ಇಲ್ಲಿ ಕೂತಿದೆ, ತಗ್ಗು ನೀವೇ ಮಾಡಿಕೊಟ್ಟಿದ್ದೀರಿ ಎಂದೆ.

ಅವರು ಮುಖ ಎತ್ತದೆ ಹೇಳಿದರು: "ಮಿರಾಬ್, ನೀನು ನಿನ್ ಕೆಸರು ಕಾಲುವೆ ನೋಡ್ಕೋ ಹೋಗು. ಪೈಪಿನ ವಿಷ್ಯ ನನಗೆ ಬಿಡು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೂ ರೇಗಿತು. ಹಾಗಾದರೆ ನನ್ನ ಗೇಟು ಕೊಡಿ, ಎಮರಿ ಕಾಗದ ಹಿಡಿದು ನಾನೇ ಉಜ್ಜಿಕೊಳ್ಳುತ್ತೇನೆ ಎಂದೆ. ಕೊಡುವುದಿಲ್ಲ ಎಂದರು. ನಾಲ್ಕು ದಿನ ನಾವು ಎದುರಾಬದುರು ಮನೆಯವರು ಸಲಾಮನ್ನೂ ಹೇಳಲಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಎಂಬ ಮಾತನ್ನು ಕೇಳಿದ್ದೆ, ಎದುರು ಮನೆಯಲ್ಲೇ ನೋಡುವ ಭಾಗ್ಯ ಬರುತ್ತದೆಂದು ತಿಳಿದಿರಲಿಲ್ಲ.

ಐದನೆಯ ದಿನ ಸೋಲಿಹಾ ನನ್ನ ಕಡಾಯಿ ವಾಪಸು ಕೊಡಲು ಬಂದಳು. ಸೋತ ಮುಖ. ಉಸ್ತಾ ಎರಡು ದಿನದಿಂದ ಊಟ ಬಿಟ್ಟಿದ್ದಾರಂತೆ. ನೀವು ಹೇಳಿದ್ದು ಸರಿ ಇರಬಹುದು, ಆದರೆ ನೀವು ಹೇಳಿದರೆ ಅವರು ಕೇಳುವುದಿಲ್ಲ ಎಂದಳು. ಯಾಕೆ ಎಂದೆ.

"ಯಾಕೆ ಅಂತ ನೀವು ಕೇಳ್ತೀರಾ? ಪ್ರತಿ ಚಳಿಗಾಲದಲ್ಲಿ ಗ್ಯಾಸ್ ನಿಂತಾಗ, ಉಸ್ತಾ ನಿಮ್ ಪೈಪು ಬಟ್ಟೆ ಒಣಗಿಸೋಕೆ ಬಲು ಚೆನ್ನಾಗಿದೆ ಅಂತ ಚಹಾದಂಗಡೀಲಿ ನಗಿಸ್ತಿದ್ದೋರು ಯಾರು?"

ನಾನೇ. ಇಪ್ಪತ್ತು ಚಳಿಗಾಲ ಅದೇ ಮಾತು, ಅದೇ ನಗು. ಗ್ಯಾಸ್ ಬಿಡುವುದು ಅವರ ಕೈಯಲ್ಲಿರಲಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಕಾಲುವೆಗೆ ನೀರು ಬಿಡುವುದು ನನ್ನ ಕೈಯಲ್ಲಿದೆಯೇ? ನೀರು ಬಾರದಾಗ ನನಗೂ ಬೈಗುಳ ಬಿದ್ದಿದೆ. ಆದರೂ ನಗಿಸಿದೆ. ಆ ಮನುಷ್ಯ ಜೀವಮಾನವಿಡೀ ಸೋರದ ಪೈಪು ಹಾಕಿ, ಖಾಲಿ ಪೈಪಿನ ಉಸ್ತಾ ಎನಿಸಿಕೊಂಡಿದ್ದ. ಈಗ ಕೊನೆಗೊಂದು ಪೈಪು, ಅದರೊಳಗಿನ ಗಾಳಿ ಅವನದೇ, ಬಿಡುವವನೂ ಅವನೇ. ಅದರಲ್ಲೂ ಕೊರತೆಯಿದೆ ಎಂದು ಹೇಳಲು ನಾನೇ ಹೋಗಿದ್ದೆ. ನನಗೆ ನಾಚಿಕೆಯಾಯಿತು.

ಮದುವೆಗೆ ಮೂರು ದಿನ ಇತ್ತು. ಎರಡು ಬಿಸಿ ರೊಟ್ಟಿ ಕಟ್ಟಿಕೊಂಡು ಹೋದೆ. ಉಸ್ತಾ ಕೊಟ್ಟಿಗೆಯ ಹೊಸ್ತಿಲಲ್ಲಿ ಮೂತಿ ಹಿಡಿದುಕೊಂಡು ಕೂತಿದ್ದರು. ರೊಟ್ಟಿ ಮುರಿದು ಅವರ ಮುಂದಿಟ್ಟೆ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ, ಬಂದದ್ದು ಇಷ್ಟೇ:

"ಉಸ್ತಾ, ನಿಮ್ ಪೈಪು ಖಾಲಿ ಇಲ್ಲ. ತುಂಬಿದೆ. ಅದೇ ತೊಂದ್ರೆ."

ಅವರು ಎದ್ದು ಕಂಪ್ರೆಸರ್ ನಿಲ್ಲಿಸಿದರು, ಗಾಳಿಯನ್ನೆಲ್ಲ ಹೊರಗೆ ಬಿಟ್ಟರು, ಆ ತಗ್ಗಿನ ತಿರುವಿಗೆ ತೂತು ಕೊರೆದರು. ತುಕ್ಕು ಬಣ್ಣದ ನೀರು ಸುರಿಯತೊಡಗಿತು. ಅರ್ಧ ಬಕೆಟ್. ಉಸ್ತಾ ಬಕೆಟ್ಟಿಗೆ ಒಮ್ಮೆ ಒದ್ದರು, ಕಾಲು ನೋಯಿಸಿಕೊಂಡು ಹಿಡಿಶಾಪ ಹಾಕಿದರು, ಆಮೇಲೆ ರೊಟ್ಟಿ ತಿಂದರು.

ಎರಡು ದಿನ ಇಬ್ಬರೂ ಸೇರಿ ಪೈಪು ಕಿತ್ತು ಕಟ್ಟಿದೆವು. ಇಳಿಜಾರು ನನ್ನ ಲೆಕ್ಕ, ಬೆಸುಗೆ ಅವರದು. ತಗ್ಗಿಗೆ ಒಂದು ನಲ್ಲಿ, ದಿನಾ ನೀರು ಬಿಡಲು. ತಳದ ನೀರು ಒಳಗೆ ಹೋಗದಂತೆ, ಕೊಟ್ಟಿಗೆಯ ಕವಲನ್ನು ಪೈಪಿನ ಕೆಳಗಿನಿಂದಲ್ಲ, ಬೆನ್ನಿನ ಮೇಲಿಂದ ತೆಗೆದೆವು. ನೀರಿನ ಬಟ್ಟಲನ್ನು, ಗಾಳಿ ತಣಿದು ಬರುವ ಕೊಟ್ಟಿಗೆಯ ಕಡೆಗೆ ತಂದೆವು. ಮದುವೆಯ ದಿನ ಬೆಳಿಗ್ಗೆ, ನಮ್ಮಲ್ಲಿ ಗಂಡಸರು ಪಲಾವು ತಿನ್ನುತ್ತಿರುವಾಗ, ಎದುರು ಮನೆಯಿಂದ ಮರಳಿನ ಸದ್ದು ನಿಲ್ಲದೆ ಕೇಳಿಬಂತು. ನಾನು ಅತಿಥಿಗಳಿಗೆ ಚಹಾ ಬಗ್ಗಿಸುತ್ತಿದ್ದೆ, ಕಿವಿ ಮಾತ್ರ ಅಲ್ಲೇ ಇತ್ತು. ಅದು ಒಮ್ಮೆಯೂ ಕೆಮ್ಮಲಿಲ್ಲ.

ಆದರೂ ಹೊತ್ತು ಸಾಲಲಿಲ್ಲ. ಮದುಮಗನ ಕಾರುಗಳು ಬೀದಿಗೆ ತಿರುಗಿದಾಗ ನನ್ನ ಗೇಟಿಗೆ ಒಂದೇ ಕದ, ಕೆಂಪು ಪ್ರೈಮರ್ ಆರಿಯೂ ಇರಲಿಲ್ಲ. ಹೆಂಗಸರು ಅದನ್ನು ಬಟ್ಟೆ ಸುತ್ತಿ ಹಿಡಿದರು. ಉಳಿದರ್ಧ ಬಟಾಬಯಲು. ಬೀಗರ ಕಡೆಯ ಹುಡುಗರು ಅದನ್ನು ಕಂಡು ನಗುತ್ತ ಆ ಕಡೆಯಿಂದಲೇ ನುಗ್ಗಲು ಬಂದರು.

ಆಗ ಕಂಬರಲಿ ಉಸ್ತಾ ರಸ್ತೆ ದಾಟಿ ಬಂದರು. ತಲೆಯಿಂದ ಪಾದದವರೆಗೆ ಮರಳ ಧೂಳು, ಹುಬ್ಬು ಕೂಡ ಬಿಳಿ. ಇಲ್ಲದ ಕದದ ಜಾಗದಲ್ಲಿ ಎರಡೂ ಕೈ ಚಾಚಿ ನಿಂತರು.

"ಈ ಕದ ಇನ್ನೂ ಆಗಿಲ್ಲಪ್ಪ," ಎಂದರು ಮದುಮಗನಿಗೆ. "ಆಗೋ ತನಕ ನಾನೇ ಕದ. ತೆಗೀಬೇಕು ಅಂದ್ರೆ ಉಡುಗೊರೆ ಕೊಡು."

ಬೀಗರು ಒಂದು ಹೊಸ ಚೋಪಾನ್ ನಿಲುವಂಗಿ ತೆಗೆದು ಆ ಧೂಳಿನ ಹೆಗಲಿಗೇ ಹೊದಿಸಿದರು. ಉಸ್ತಾ ಪಕ್ಕಕ್ಕೆ ಸರಿದರು. ನಾನು ಆ ಚೋಪಾನಿನ ಮೇಲೆ ಕೈಯಿಟ್ಟು, ಇಪ್ಪತ್ತು ಚಳಿಗಾಲಗಳಿಗೆ ಕ್ಷಮಿಸಿ ಎಂದೆ. ಎರಡನೇ ಕದ ನಾಳೆ ಕೊಡುತ್ತೇನೆ ಎಂದರು.