ರುದ್ರಪ್ಪ ಮೇಷ್ಟ್ರು ಓದಿದ ಕಲ್ಲು

ರುದ್ರಪ್ಪ ಮೇಷ್ಟ್ರ ಜುಬ್ಬದ ಜೇಬಿನಲ್ಲಿ ಯಾವಾಗಲೂ ಮೈದಾ ಹಿಟ್ಟಿನ ಪೊಟ್ಟಣ ಇರುತ್ತಿತ್ತು. ಊರೂರು ಸುತ್ತಿ, ಹಳೇ ಕಲ್ಲುಗಳ ಮೇಲೆ ಆ ಹಿಟ್ಟನ್ನು ಉಜ್ಜಿ, ಸವೆದ ಅಕ್ಷರಗಳು ಬೆಳ್ಳಗೆ ಕಾಣುವಂತೆ ಮಾಡಿ ಓದುವುದು ಅವರ ಹುಚ್ಚು. ಬಸ್ಸಿನಲ್ಲಿ ಪಕ್ಕ ಕೂತವರ ಬಟ್ಟೆಗೆಲ್ಲ ಹಿಟ್ಟು. ‘ಏನ್ ಮೇಷ್ಟ್ರೇ, ಬೋಂಡ ಅಂಗಡಿ ಇಟ್ರಾ?’ ಎಂದು ಕಂಡಕ್ಟರ್ ರೇಗಿಸಿದರೆ, ‘ಕಲ್ಲಿಗೆ ಪೌಡರ್ ಹಾಕ್ತೀನಪ್ಪಾ, ಆಮೇಲೆ ಅದು ನಾಚ್ಕೊಳ್ದೆ ಮಾತಾಡುತ್ತೆ’ ಅನ್ನುವರು.

ಅಜ್ಜಂಪುರದ ಹೈಸ್ಕೂಲಿನಲ್ಲಿ ಅವರು ನಮ್ಮಪ್ಪನಿಗೂ ಚರಿತ್ರೆ ಹೇಳಿಕೊಟ್ಟಿದ್ದರು, ಆಮೇಲೆ ನನಗೂ. ಕ್ರುಸೇಡುಗಳ ಪಾಠದ ದಿನ ನಾನು ರಾಜರ ಹೆಸರು, ಇಸವಿ ಎಲ್ಲ ಉರು ಹೊಡೆದುಕೊಂಡು ಹೋಗಿದ್ದೆ. ಅವರು ಕೇಳಿದ್ದೇ ಬೇರೆ. ‘ಗಂಡಸರೆಲ್ಲ ಧರ್ಮಯುದ್ಧ ಅಂತ ಜೆರುಸಲೇಮಿಗೆ ಹೊರಟ್ರು. ಆ ವರ್ಷ ಊರಲ್ಲಿ ಬಿತ್ತಿದೋರು ಯಾರು? ಮಕ್ಕಳು ಏನು ಉಂಡ್ರು? ಪಕ್ಕದ ಬೀದೀಲಿದ್ದ ಯಹೂದಿಗಳ ಗತಿ ಏನಾಯ್ತು?’ ನಾನು ಎದ್ದು, ‘ಅದು ಸಿಲಬಸ್‌ನಲ್ಲಿಲ್ಲ ಸಾರ್’ ಎಂದೆ. ‘ಹಸಿವು ಯಾವತ್ತೂ ಸಿಲಬಸ್‌ನಲ್ಲಿರಲ್ಲ ಕಣಮ್ಮ, ಕೂತ್ಕೋ’ ಅಂದರು. ಇಡೀ ಕ್ಲಾಸು ನಕ್ಕಿತು. ನನಗೆ ವಾರವೆಲ್ಲ ಸಿಟ್ಟು.

ಆ ಪ್ರಶ್ನೆ ನಮ್ಮ ಹೊಲಕ್ಕೇ ಬಂದು ನಿಲ್ಲುತ್ತೆ ಅಂತ ಯಾರಿಗೆ ಗೊತ್ತಿತ್ತು? ಚೌಳಹಿರಿಯೂರಿನ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ಜೈನರ ಮೇಲೆ ಧರ್ಮಕ್ಕಾಗಿ ಹೋರಾಡಿ ಸತ್ತ ನಮ್ಮ ಪೂರ್ವಿಕನದು ಎಂಬುದು ಮನೆಯ ನಂಬಿಕೆ. ಪ್ರತಿವರ್ಷ ಬಿತ್ತನೆಗೆ ಮುಂಚೆ ಅದಕ್ಕೆ ಸುಣ್ಣ ಬಳಿದು ಎಡೆ ಇಡುತ್ತಿದ್ದೆವು. ಭಕ್ತಿಯಿಂದ ಬಳಿದೂ ಬಳಿದೂ ಸುಣ್ಣ ಬೆರಳು ದಪ್ಪ ಕೂತು, ಕಲ್ಲಿನ ಬರಹವೇ ಮುಚ್ಚಿಹೋಗಿತ್ತು. ಓದಲಾಗದ ಕಲ್ಲಿಗೆ ಕತೆ ಕಟ್ಟುವುದಕ್ಕೇನು ಕಷ್ಟ? ನಮ್ಮಪ್ಪ ಹೇಳುವಾಗಲೆಲ್ಲ ಇನ್ನೊಂದು ತಲೆ ಹೆಚ್ಚಿಗೆ ಉರುಳುತ್ತಿತ್ತು.

ಹೋದ ವರ್ಷ ಮೊಬೈಲಿನಲ್ಲಿ ಏನೇನೋ ನೋಡಿ ಅಪ್ಪನ ತಲೆ ಕೆಟ್ಟಿತು. ಕಲ್ಲಿನ ಪಕ್ಕ ‘ಜೈನರ ಕೈಯಲ್ಲಿ ಮಡಿದ ಧರ್ಮವೀರ’ ಎಂದು ಬೋರ್ಡು ನೆಡುತ್ತೇನೆಂದು ಕಡೂರಿನ ಪೇಂಟರಿಗೆ ಹೇಳಿ ಬಂದ. ನಮ್ಮೂರಲ್ಲಿರುವುದು ಒಂದೇ ಜೈನರ ಮನೆ, ಕಿರಾಣಿ ಅಂಗಡಿಯ ಪದ್ಮಣ್ಣನವರದು. ಬೋರ್ಡಿನ ಸುದ್ದಿ ಹಬ್ಬಿದ್ದೇ ತಡ, ಜನ ಅವರ ಅಂಗಡಿ ಮೆಟ್ಟಿಲು ಹತ್ತುವುದು ಕಡಿಮೆಯಾಯಿತು. ‘ಅಂಗಡಿ ಮುಚ್ಚಿ ಬೀರೂರಿಗೆ ಹೋಗ್ಬಿಡ್ತೀವಿ ಕಣಮ್ಮ, ಅಲ್ಲಿ ನಮ್ಮೋರಿದಾರೆ’ ಎಂದರು ಪದ್ಮಣ್ಣ. ನಾನು ಹುಟ್ಟಿದಾಗಿನಿಂದ ಅವರು ನಮ್ಮೂರಲ್ಲೇ ಇದ್ದವರು! ಅಪ್ಪನ ಜೊತೆ ಜಗಳವಾಡಿ ಸಾಕಾಗಿ, ತರೀಕೆರೆಯ ಮಗಳ ಮನೆಯಲ್ಲಿದ್ದ ಮೇಷ್ಟ್ರನ್ನು ಕರೆತಂದೆ.

ಬಂದವರೇ ಅಪ್ಪನ ಕೈಗೆ ಒಂದು ಮರದ ಚಕ್ಕೆ ಕೊಟ್ಟು, ‘ಲೇ, ಬಳಿದೋನು ನೀನು. ನೀನೇ ಕೆರಿ’ ಅಂದರು. ಮೊಮ್ಮಕ್ಕಳನ್ನು ಕಂಡ ನಮ್ಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಎರಡನೇ ಮಾತಾಡದೆ ಕೆರೆದ. ಪದ್ಮಣ್ಣ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಕಂಡವು. ಮೇಷ್ಟ್ರು ಹಿಟ್ಟು ಉಜ್ಜಿದರು.

‘ಗುಡಿ ವಿಚಾರಕ್ಕೆ ಬಸದಿಯೋರಿಗೂ ಈ ವೀರನ ಕಡೆಯೋರಿಗೂ ಹೊಡೆದಾಟ ಆಗಿರೋದು ನಿಜ. ಇವನು ಸತ್ತಿರೋದೂ ನಿಜ.’

ಅಪ್ಪ ಎದೆ ಸೆಟೆಸಿದ. ಪದ್ಮಣ್ಣ ತಲೆ ತಗ್ಗಿಸಿದರು. ಅಯ್ಯೋ, ಈ ಮುದುಕರನ್ನು ಯಾಕಾದರೂ ಕರೆತಂದೆನೋ ಅನ್ನಿಸಿತು ನನಗೆ. ಮೇಷ್ಟ್ರು ಮೊಣಕಾಲೂರಿ ಕೊನೆಯ ಸಾಲುಗಳ ಮೇಲೆ ಬಗ್ಗಿದರು. ಇನ್ನಷ್ಟು ಹಿಟ್ಟು ಉಜ್ಜಿದರು. ಆಮೇಲೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು. ಸತ್ತವನ ಹೆಂಡತಿ ಮತ್ತು ಇಬ್ಬರು ಕೂಸುಗಳ ಬಾಳುವೆಗೆಂದು ಆ ಬಸದಿಯ ಸೆಟ್ಟಿಗಳೇ ಈ ಹೊಲವನ್ನು ನೆತ್ತರುಗೊಡಗೆಯಾಗಿ ಬಿಟ್ಟಿದ್ದರು. ಮೊದಲ ಬಿತ್ತನೆಯ ಬೀಜವನ್ನೂ ಕೊಟ್ಟಿದ್ದರು.

‘ನೆತ್ತರುಗೊಡಗೆ ಅಂದ್ರೆ ಹೋರಾಡಿ ಸತ್ತೋನ ಮನೆಯೋರಿಗೆ ಕೊಡೋ ಭೂಮಿ ಕಣೋ.’

‘ಕೊಟ್ಟೋರು ಬಸದಿಯೋರಾ? ಹೊಡೆದಾಡಿದೋರೇನಾ?’ ಅಪ್ಪ ಕೇಳಿದ.

‘ಅವರೇ. ಇವನು ನಿಮ್ಮ ಪೂರ್ವಿಕನೋ ಅಲ್ವೋ, ಕಲ್ಲು ಹೇಳಲ್ಲ. ಆದ್ರೆ ನೀನು ಉಣ್ತಿರೋದು ಇದೇ ಹೊಲದ್ದು.’

ಅಪ್ಪ ಕೈಗಂಟಿದ ಸುಣ್ಣವನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಬೇವಿನ ಮರದ ಕಡೆ ತಿರುಗಿ ಕೂಗಿದ: ‘ಪದ್ಮಣ್ಣ, ಅಲ್ಲ್ಯಾಕೆ ನಿಂತಿದೀಯ? ಬಂದು ನೀನೂ ನೋಡು. ಬೀರೂರು ಗೀರೂರು ಅಂದ್ರೆ ಕಾಲು ಮುರೀತೀನಿ ನೋಡು!’ ಅಲ್ಲಿಂದಲೇ ಪೇಂಟರಿಗೆ ಫೋನು ಮಾಡಿ, ಬೋರ್ಡು ಬೇಡ ಎಂದ. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಮೇಷ್ಟ್ರ ಜೊತೆ ಬಸ್ಸಿಗೆ ಕಾಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ: ‘ಸಾರ್, ಕೊನೇ ಸಾಲು ನಿಜವಾಗ್ಲೂ ಹಾಗೇ ಇದೆಯಾ?’

‘ಸುಳ್ಳು ಓದೋನಾಗಿದ್ರೆ ಹೊಡೆದಾಟದ ಸಾಲನ್ನೇ ನುಂಗ್ತಿರ್ಲಿಲ್ವೇನಮ್ಮ?’ ಎಂದು ಗದರಿದರು. ಆಮೇಲೆ ಮೆತ್ತಗೆ, ‘ಕೆಟ್ಟದ್ದಿದ್ದಿದ್ರೂ ಅದನ್ನೇ ಓದ್ಬೇಕಿತ್ತು. ಪದ್ಮಣ್ಣ ನಿಂತಿದ್ದ ಆ ಮರದ ಕಡೆ ತಿರುಗಿ ನೋಡೋಕೇ ಧೈರ್ಯ ಬರ್ಲಿಲ್ಲ ನಂಗೆ’ ಅಂದರು. ಜುಬ್ಬಕ್ಕಂಟಿದ ಹಿಟ್ಟು ಕೊಡವಿಕೊಂಡು ಬಸ್ಸು ಹತ್ತಿದರು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಈ ಬೇಸಿಗೆಯಲ್ಲಿ ಮೇಷ್ಟ್ರು ಹೋದರು. ಸುದ್ದಿ ಬಂದ ಬೆಳಿಗ್ಗೆ ಪದ್ಮಣ್ಣ ಅಂಗಡಿಗೆ ಬೀಗ ಹಾಕಿ, ನಮ್ಮಪ್ಪನ ಬೈಕಿನ ಹಿಂದೆ ಕೂತು ತರೀಕೆರೆಗೆ ಹೊರಟರು. ಅವತ್ತೊಂದು ದಿನ ಅಂಗಡಿ ಮುಚ್ಚಿತ್ತು.